ಕರೆಂಟ್ ಹೋದರೂ ಕೈಬಿಡದ ಆಟ: ಶಿರಸಿಯ ಮಳೆಗಾಲಕ್ಕೆ ಗೇಮ್ ಆರಿಸಿಕೊಳ್ಳುವುದು ಹೇಗೆ

ನಮ್ಮ ಕಡೆ ಮೇ ಕೊನೆಯ ವಾರ ಅಂದರೆ ಮಳೆಗಾಲದ ತಯಾರಿ. ಕಟ್ಟಿಗೆ ಒಳಗೆ ಪೇರಿಸಬೇಕು, ಹಲಸಿನ ಹಪ್ಪಳ ಡಬ್ಬಿಗೆ ತುಂಬಬೇಕು, ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯಲು, ಮರ ಹತ್ತುವ ಕೊನೆಗೌಡನಿಗೆ ಮೊದಲೇ ಹೇಳಿಡಬೇಕು. ನನಗೆ ಇವುಗಳ ಜೊತೆ ಇನ್ನೊಂದು ಕೆಲಸ ಇರುತ್ತದೆ. ನಾಲ್ಕು ತಿಂಗಳಿಗೆ ಸಾಕಾಗುವಷ್ಟು ಗೇಮ್ ಲ್ಯಾಪ್‌ಟಾಪಿಗೆ ತುಂಬಿಟ್ಟುಕೊಳ್ಳುವುದು.

ನಮ್ಮ ಮನೆ ಇರುವುದು ಶಿರಸಿಯಿಂದ ಸಿದ್ದಾಪುರದ ಕಡೆ ಹೋಗುವ ದಾರಿಯಲ್ಲಿ, ತೋಟದ ನಡುವೆ. ಜುಲೈನಲ್ಲಿ ಗಾಳಿ ಎದ್ದು ಒಂದು ಮರ ಲೈನಿನ ಮೇಲೆ ಬಿತ್ತು ಅಂದರೆ ಕರೆಂಟ್ ಎರಡು ದಿನಕ್ಕೂ ಬರಬಹುದು, ಮೂರು ದಿನಕ್ಕೂ ಬರಬಹುದು. ಇಂಟರ್ನೆಟ್ ಅದರ ಹಿಂದೆಯೇ ಹೋಗುತ್ತದೆ. ಬೆಂಗಳೂರಿನಲ್ಲಿ ಕೂತು ಬರೆದ ಗೇಮಿಂಗ್ ಸಲಹೆಗಳಲ್ಲಿ ಈ ವಿಷಯ ಇರುವುದೇ ಇಲ್ಲ. ಯಾವ ಗ್ರಾಫಿಕ್ಸ್ ಕಾರ್ಡ್, ಯಾವ ಮಾನಿಟರ್, ಎಷ್ಟು ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ಅಂತ ಇರುತ್ತದೆ. ಅದೆಲ್ಲ ಆಮೇಲಿನ ಮಾತು. ಒಂದು ಆಟ ಕೊಳ್ಳುವ ಮೊದಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಕ್ಷಣ ಕರೆಂಟ್ ಹೋದರೆ ನಾನು ಎಷ್ಟು ಕಳೆದುಕೊಳ್ಳುತ್ತೇನೆ?

ಇದನ್ನು ನಾನು ಕಲಿತದ್ದು ಜಿಟಿಎ ಸ್ಯಾನ್ ಆಂಡ್ರಿಯಾಸ್ ಆಡುವಾಗ. ಆ ಆಟದಲ್ಲಿ ಸೇವ್ ಮಾಡಬೇಕು ಅಂದರೆ ನಿಮ್ಮದೇ ಮನೆಗೆ ಹೋಗಬೇಕು, ಬೇರೆಲ್ಲೂ ಆಗುವುದಿಲ್ಲ. ರೈಲಿನ ಪಕ್ಕ ಬೈಕ್ ಓಡಿಸುವ ಮಿಷನ್ ಆಡಿದವರಿಗೆಲ್ಲ ನೆನಪಿರುತ್ತದೆ ಅಲ್ವಾ? ನಾನು ಅದನ್ನು ಒಂದು ವಾರ ಆಡಿದ್ದೆ, ಹನ್ನೊಂದೋ ಹನ್ನೆರಡೋ ಸಲ ಸೋತಿದ್ದೆ, ಕೊನೆಗೊಂದು ಸಂಜೆ ಗೆದ್ದು, ಸೇವ್ ಮಾಡಲು ಮನೆ ಕಡೆ ಗಾಡಿ ಓಡಿಸುತ್ತಿದ್ದೆ, ಇನ್ನೆರಡು ತಿರುವು ಬಾಕಿ ಇತ್ತು, ಅಷ್ಟರಲ್ಲಿ ಪರದೆ ಕಪ್ಪಾಯಿತು. ನಿಜವಾಗಿ ಅತ್ತಿದ್ದೆ. ಆಗ ಎಂಟನೇ ಕ್ಲಾಸು. ಆಟ ಕೆಟ್ಟದ್ದಲ್ಲ, ಅದನ್ನು ನಾನು ಇವತ್ತಿಗೂ ಇಷ್ಟಪಡುತ್ತೇನೆ. ಆದರೆ ಅದು ಮಳೆಗಾಲದ ಆಟ ಅಲ್ಲ. ಡಿಸೆಂಬರಿನ ಆಟ.

ಹಾಗಾದರೆ ಮಳೆಗಾಲದ ಆಟ ಯಾವುದು? ಸ್ಟಾರ್‌ಡ್ಯೂ ವ್ಯಾಲಿ ಅನ್ನುವ ಬೇಸಾಯದ ಆಟ ತೆಗೆದುಕೊಳ್ಳಿ. 2016ರಲ್ಲಿ ಬಂದದ್ದು. ಎರಿಕ್ ಬರೋನ್ ಅನ್ನುವ ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕೂ ಜಾಸ್ತಿ ಕೂತು ಕೋಡು, ಚಿತ್ರ, ಸಂಗೀತ ಎಲ್ಲವನ್ನೂ ತಾನೇ ಮಾಡಿದ್ದು. ಅದರಲ್ಲಿ ಸೇವ್ ಆಗುವುದು ರಾತ್ರಿ ಮಲಗಿದಾಗ ಮಾತ್ರ. ಕೇಳಿದರೆ ಇದೂ ಸ್ಯಾನ್ ಆಂಡ್ರಿಯಾಸ್ ಥರವೇ ಅನ್ನಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಆಟದ ಹತ್ತು ನಿಮಿಷ ಅಂದರೆ ನಮ್ಮ ಸುಮಾರು ಏಳು ಸೆಕೆಂಡು. ಬೆಳಿಗ್ಗೆ ಆರಕ್ಕೆ ಎದ್ದು ನಡುರಾತ್ರಿ ಎರಡರ ತನಕ ಓಡಾಡಿದರೂ ಇಡೀ ದಿನ ಮುಗಿಯುವುದು ಸುಮಾರು 14 ನಿಮಿಷದಲ್ಲಿ. ಕರೆಂಟ್ ಯಾವಾಗ ಹೋದರೂ ಹೆಚ್ಚೆಂದರೆ ಅಷ್ಟೇ ನಷ್ಟ. ನಾಲ್ಕು ಗಿಡಕ್ಕೆ ಮತ್ತೆ ನೀರು ಹಾಕಿದರೆ ಮುಗಿಯಿತು.

ಹಾಲೋ ನೈಟ್‌ನಲ್ಲಿ ಬೆಂಚುಗಳಿವೆ, ಕೂತರೆ ಸೇವ್ ಆಗುತ್ತದೆ. ಮತ್ತೆ ಶುರು ಮಾಡಿದರೆ ಕೊನೆಗೆ ಕೂತ ಬೆಂಚಿನಿಂದಲೇ ಏಳುತ್ತೀರಿ. ಹಾಗಾಗಿ ದೊಡ್ಡ ಜಗಳಕ್ಕೆ ಇಳಿಯುವ ಮೊದಲು ಬೆಂಚು ಹುಡುಕಿ ಕೂತುಬಿಡಿ. ಸ್ಲೇ ದ ಸ್ಪೈರ್‌ನಲ್ಲಿ ನಷ್ಟ ಇನ್ನೂ ಕಡಿಮೆ, ಕಾಳಗದ ನಡುವೆ ನಿಂತುಹೋದರೆ ಅದೇ ಕಾಳಗದ ಶುರುವಿಗೆ ಬರುತ್ತೀರಿ. ಸೆಲೆಸ್ಟ್‌ನಲ್ಲಂತೂ ಬೆಟ್ಟ ಹತ್ತುವ ದಾರಿಯನ್ನು ಪರದೆ ಪರದೆಯಾಗಿ ಕತ್ತರಿಸಿಟ್ಟಿದ್ದಾರೆ, ಒಂದು ಪರದೆ ದಾಟಿದರೆ ಅದು ನಿಮ್ಮದು.

ಇಲ್ಲಿ ಸೇವ್ ಬೇರೆ, ಪಾಸ್ (pause, ಆಟವನ್ನು ಇದ್ದಲ್ಲೇ ತಡೆದು ನಿಲ್ಲಿಸುವುದು) ಬೇರೆ ಅನ್ನುವುದನ್ನೂ ಗಮನಿಸಬೇಕು. 2011ರ ಡಾರ್ಕ್ ಸೋಲ್ಸ್ ಹೆಜ್ಜೆ ಹೆಜ್ಜೆಗೂ ತಾನೇ ಸೇವ್ ಮಾಡಿಕೊಳ್ಳುತ್ತದೆ, ಕರೆಂಟ್ ಹೋದರೆ ಹೆದರಬೇಕಾಗಿಲ್ಲ. ಆದರೆ ಅದರಲ್ಲಿ ಪಾಸ್ ಇಲ್ಲ. ಮೆನು ತೆರೆದರೂ ಶತ್ರು ಹೊಡೆಯುತ್ತಲೇ ಇರುತ್ತಾನೆ. ಅಡುಗೆಮನೆಯಿಂದ ಆಯಿ "ತಮಾ, ಊಟಕ್ಕೆ ಬಾ" ಅಂತ ಕರೆದಾಗ "ಎರಡು ನಿಮಿಷ" ಅಂತ ಕೂಗಿ ಇಪ್ಪತ್ತು ನಿಮಿಷ ಬಿಟ್ಟು ಹೋಗುವುದು ನನಗೆ ಇಷ್ಟವಿಲ್ಲ. ಬಿಸಿ ಅನ್ನ, ತಂಬುಳಿ ಆರಿ ಹೋಗುತ್ತದೆ ಅನ್ನುವುದಕ್ಕಿಂತ, ಅವಳು ಕಾಯುತ್ತಾ ಕೂರುತ್ತಾಳಲ್ಲ, ಅದು. ಮನೆ ತುಂಬಾ ಜನ ಇರುವವರು, ಮಕ್ಕಳು ಇರುವವರು, ವಯಸ್ಸಾದ ತಂದೆ ತಾಯಿ ಇರುವವರು ಪಾಸ್ ಇರುವ ಆಟವನ್ನೇ ಆರಿಸಿಕೊಳ್ಳಿ. ಇದು ನನ್ನ ಗಟ್ಟಿ ಅಭಿಪ್ರಾಯ. ಎದ್ದು ಹೋಗಲು ಬಿಡುವ ಆಟ ನಿಮಗೆ ಮರ್ಯಾದೆ ಕೊಡುತ್ತದೆ.

ನಮ್ಮಜ್ಜಿ ಆಷಾಢದಲ್ಲಿ ಚೆನ್ನೆಮಣೆ ತೆಗೆಯುತ್ತಿದ್ದಳು. ಎರಡು ಸಾಲು, ಸಾಲಿಗೆ ಏಳು ಗುಳಿ. ಆಟದ ನಡುವೆ ಹಸು ಕೂಗಿದರೆ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದಳು, ಹಾಲು ಕರೆದು ಕಾಯಿಸಿ ಬಂದು ಮತ್ತೆ ಕೂರುತ್ತಿದ್ದಳು. ಕಾಳುಗಳು ಗುಳಿಯಲ್ಲಿ ಇದ್ದ ಹಾಗೇ ಇರುತ್ತಿದ್ದವು. ನನ್ನ ಸರದಿಯೋ ಅವಳ ಸರದಿಯೋ ಅನ್ನುವುದೊಂದೇ ನೆನಪಿಟ್ಟುಕೊಳ್ಳಬೇಕಿತ್ತು. ಒಳ್ಳೆಯ ಸೇವ್ ಅಂದರೆ ಏನು ಅಂತ ಯೋಚಿಸುವಾಗೆಲ್ಲ ನನಗೆ ಆ ಮಣೆ ಕಣ್ಣೆದುರು ಬರುತ್ತದೆ.

ಈಗ ಪರೀಕ್ಷೆ ಮಾಡುವ ವಿಧಾನ ಹೇಳುತ್ತೇನೆ. ಸ್ಟೀಮ್ ಅಂದರೆ ಕಂಪ್ಯೂಟರ್ ಆಟ ಮಾರುವ ಆನ್‌ಲೈನ್ ಅಂಗಡಿ. ಸ್ಟೀಮ್‌ನಲ್ಲಿ ಕೊಂಡ ಆಟವನ್ನು ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ವಾಪಸ್ ಕೊಟ್ಟು ಹಣ ಪಡೆಯಬಹುದು. ಈ ಎರಡು ಗಂಟೆಯನ್ನು ಸುಮ್ನೆ ಕಳೆಯಬೇಡಿ. ಇಪ್ಪತ್ತು ನಿಮಿಷ ಆಡಿ, ಆಮೇಲೆ ಬೇಕಂತಲೇ ಆಲ್ಟ್ ಮತ್ತು ಎಫ್4 ಒತ್ತಿ ಆಟ ಮುಚ್ಚಿ. ಮತ್ತೆ ತೆರೆದು ನೋಡಿ, ಎಲ್ಲಿಂದ ಶುರುವಾಯಿತು? ಐದು ನಿಮಿಷ ಹಿಂದಿನಿಂದ ಆದರೆ ಅಡ್ಡಿಲ್ಲ. ಮೊದಲಿನಿಂದ ಆದರೆ ಯೋಚಿಸಿ. ಆಮೇಲೆ ರೂಟರ್ ಆಫ್ ಮಾಡಿ, ಸ್ಟೀಮ್ ಅನ್ನು ಆಫ್‌ಲೈನ್ ಮೋಡಿಗೆ ಹಾಕಿ, ಆಟ ತೆರೆಯುತ್ತದೋ ನೋಡಿ. ಆಫ್‌ಲೈನ್ ಮೋಡ್ ಕೆಲಸ ಮಾಡಬೇಕಾದರೆ ಮೊದಲು ಒಂದು ಸಲ ಇಂಟರ್ನೆಟ್ ಇದ್ದಾಗ ಲಾಗಿನ್ ಆಗಿ, ಅಪ್‌ಡೇಟ್ ಮುಗಿಸಿ, ಆಟವನ್ನು ತೆರೆದಿರಬೇಕು. ಮಳೆ ಶುರುವಾದ ಮೇಲೆ ಇದನ್ನು ಮಾಡಲು ಹೊರಟರೆ ಆಗುವುದಿಲ್ಲ, ಮೇ ತಿಂಗಳಲ್ಲೇ ಮಾಡಿ. ಒಬ್ಬರೇ ಆಡುವ ಆಟ, ಕಥೆ ಇರುವ ಆಟ, ಆದರೂ ಇಂಟರ್ನೆಟ್ ಇಲ್ಲದೆ ತೆರೆಯುವುದಿಲ್ಲ ಅಂದರೆ ನಾನು ಅದನ್ನು ಎಷ್ಟೇ ಚೆನ್ನಾಗಿದ್ದರೂ ವಾಪಸ್ ಕೊಡುತ್ತೇನೆ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂದರೆ, ಇದು ಬರೀ ಮಳೆಯ ವಿಷಯ ಅಲ್ಲ. ಯೂಬಿಸಾಫ್ಟ್ ಕಂಪನಿಯ ದ ಕ್ರೂ ಅನ್ನುವ ಕಾರಿನ ಆಟ 2014ರಲ್ಲಿ ಬಂತು. ಅದನ್ನು ಒಬ್ಬರೇ ಆಡಬಹುದಿತ್ತು, ಆದರೆ ಸರ್ವರ್ ಬೇಕೇ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿದರು. ದುಡ್ಡು ಕೊಟ್ಟು ಡಿಸ್ಕ್ ಕೊಂಡವರ ಕೈಯಲ್ಲಿ ಈಗ ಬರೀ ಪ್ಲಾಸ್ಟಿಕ್ ತಟ್ಟೆ ಉಳಿದಿದೆ. ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ ಪಬ್‌ಜಿ ಮೊಬೈಲ್. 2020ರ ಸೆಪ್ಟೆಂಬರಿನಲ್ಲಿ ನಿಷೇಧ ಆಯಿತು, 2021ರಲ್ಲಿ ಬಿಜಿಎಂಐ ಅಂತ ಬಂತು, 2022ರ ಜುಲೈನಲ್ಲಿ ಅದನ್ನೂ ಸ್ಟೋರಿನಿಂದ ತೆಗೆದರು, 2023ರ ಮೇನಲ್ಲಿ ಮತ್ತೆ ಬಂತು. ನಿಷೇಧ ಸರಿಯೋ ತಪ್ಪೋ ಅನ್ನುವ ಚರ್ಚೆ ಇಲ್ಲಿ ಬೇಡ. ನಿಮ್ಮ ಆಟದ ಸ್ವಿಚ್ಚು ಇನ್ಯಾರದೋ ಗೋಡೆಯ ಮೇಲಿದೆ ಅನ್ನುವುದಷ್ಟೇ ನನ್ನ ಮಾತು. ಅದಕ್ಕೇ ಆದಷ್ಟು ಜಿಒಜಿ ಅನ್ನುವ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿ ಕೊಳ್ಳುತ್ತೇನೆ. ಅಲ್ಲಿ ಇನ್‌ಸ್ಟಾಲ್ ಮಾಡುವ ಫೈಲನ್ನೇ ಇಳಿಸಿ ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು, ಆಮೇಲೆ ಯಾರ ಅಪ್ಪಣೆಯೂ ಬೇಡ.

ಇಳಿಸುವುದೇ ಒಂದು ದೊಡ್ಡ ಕೆಲಸ. ಮನೆಗೆ ಫೈಬರ್ ಬರದೇ ಇರುವವರು ಮೊಬೈಲ್ ಡೇಟಾದಲ್ಲೇ ನಡೆಸಬೇಕು. ದಿನಕ್ಕೆ 2 ಜಿಬಿ ಇರುವ ಪ್ಲಾನಿನಲ್ಲಿ 50 ಜಿಬಿಯ ಆಟ ಇಳಿಸಲು 25 ದಿನ, ಅದೂ ಬೇರೇನೂ ನೋಡದಿದ್ದರೆ. ಇದಕ್ಕೆ ದಾರಿ ಇದೆ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುವ ಸ್ನೇಹಿತರ ಮನೆಗೆ ಹೋದಾಗ ನಿಮ್ಮ ಲ್ಯಾಪ್‌ಟಾಪಿನಲ್ಲಿ ರಾತ್ರಿಯಿಡೀ ಇಳಿಸಿಕೊಳ್ಳಿ. ಅವರ ಹತ್ತಿರ ಅದೇ ಆಟ ಇದ್ದರೆ ಇನ್ನೂ ಸುಲಭ. ಸ್ಟೀಮ್ಆಪ್ಸ್ ಫೋಲ್ಡರಿನ ಒಳಗೆ ಕಾಮನ್ ಅನ್ನುವ ಫೋಲ್ಡರ್ ಇರುತ್ತದೆ, ಅದರಿಂದ ಆಟದ ಫೋಲ್ಡರನ್ನು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ ನಿಮ್ಮ ಲ್ಯಾಪ್‌ಟಾಪಿನ ಅದೇ ಜಾಗಕ್ಕೆ ಹಾಕಿ, ಆಮೇಲೆ ನಿಮ್ಮ ಖಾತೆಯಿಂದ ಇನ್‌ಸ್ಟಾಲ್ ಒತ್ತಿ. ಇರುವ ಫೈಲುಗಳನ್ನು ಅದು ತಾನೇ ಗುರುತಿಸುತ್ತದೆ, ಬಾಕಿ ಇರುವ ಚೂರನ್ನು ಮಾತ್ರ ಇಳಿಸುತ್ತದೆ. ಆಟ ನೀವು ಕೊಂಡಿರಬೇಕು, ಅದು ಬೇರೆ ಮಾತು. ಎರಡು ಕಂಪ್ಯೂಟರ್ ಒಂದೇ ವೈಫೈನಲ್ಲಿ ಇದ್ದರೆ ಸ್ಟೀಮ್ ನೇರವಾಗಿ ಒಂದರಿಂದ ಇನ್ನೊಂದಕ್ಕೆ ಕಳಿಸುತ್ತದೆ, ಡೇಟಾ ಖರ್ಚಾಗುವುದಿಲ್ಲ.

ಹಳೆಯ ಆಟಗಳನ್ನು ಆರಿಸಿಕೊಂಡರೆ ಈ ತಾಪತ್ರಯವೇ ಕಡಿಮೆ. ಬಿಡುಗಡೆಯ ದಿನವೇ ಕೊಳ್ಳಬೇಕು ಅನ್ನುವ ಅವಸರ ನನಗೆ ಅರ್ಥವಾಗುವುದಿಲ್ಲ. ಎರಡು ವರ್ಷ ಕಾದರೆ ಬೆಲೆ ಇಳಿದಿರುತ್ತದೆ, ದೋಷಗಳನ್ನು ತಿದ್ದಿರುತ್ತಾರೆ, ಆಟ ನಿಜವಾಗಿ ಚೆನ್ನಾಗಿದೆಯೋ ಇಲ್ಲವೋ ಅಂತ ಜನರೂ ಹೇಳಿರುತ್ತಾರೆ. ಪೋರ್ಟಲ್ ಅನ್ನುವ ಒಗಟಿನ ಆಟ ಬಂದದ್ದು 2007ರಲ್ಲಿ. ಮೂರ್ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ, ಒಂದು ನಿಮಿಷವೂ ದಂಡ ಅನ್ನಿಸುವುದಿಲ್ಲ. ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಉದ್ದ ಇದ್ದಷ್ಟೂ ದುಡ್ಡಿಗೆ ಮೋಸ ಇಲ್ಲ ಅಂತ ತಿಳಿದುಕೊಂಡವರಿಗೆ ನಾನು ಮೊದಲು ಕೊಡುವುದು ಅದನ್ನೇ.

ಇನ್ನು ಆನ್‌ಲೈನ್ ಪಂದ್ಯಗಳ ವಿಷಯ. ನಾನು ಆಡಿ ಬೆಳೆದದ್ದೇ ಕೌಂಟರ್ ಸ್ಟ್ರೈಕ್ 1.6, ತಂಡ ಕಟ್ಟಿಕೊಂಡು ಗುಂಡು ಹಾರಿಸುವ ಆಟ. ಶಿರಸಿ ಪೇಟೆಯ ಒಂದು ಸೈಬರ್ ಕೆಫೆಯಲ್ಲಿ ಗಂಟೆಗೆ ಹದಿನೈದು ರೂಪಾಯಿ ಕೊಟ್ಟು ಎಂಟು ಜನ ಒಂದೇ ಕೋಣೆಯಲ್ಲಿ ಆಡುತ್ತಿದ್ದೆವು. ಕರೆಂಟ್ ಹೋದರೆ ಎಲ್ಲರಿಗೂ ಒಟ್ಟಿಗೇ ಹೋಗುತ್ತಿತ್ತು, ಎಲ್ಲರೂ ಒಟ್ಟಿಗೇ ಹೊರಗೆ ಬಂದು ಬಜ್ಜಿ ತಿನ್ನುತ್ತಿದ್ದೆವು. ಈಗ ಹಾಗಲ್ಲ. ಕೌಂಟರ್ ಸ್ಟ್ರೈಕ್ 2ರ ಒಂದು ಪೂರ್ತಿ ಪಂದ್ಯ ಮುಕ್ಕಾಲು ಗಂಟೆಯವರೆಗೂ ಹೋಗುತ್ತದೆ. ನಡುವೆ ನಿಮ್ಮ ಮನೆಯ ಕರೆಂಟ್ ಹೋಗಿ ನೀವು ವಾಪಸ್ ಬರದಿದ್ದರೆ ಶಿಕ್ಷೆ ಬೀಳುತ್ತದೆ, ಮೊದಲ ಸಲ ಅರ್ಧ ಗಂಟೆ ಪಂದ್ಯ ಆಡುವಂತಿಲ್ಲ, ಪದೇ ಪದೇ ಆದರೆ 7 ದಿನದ ತನಕ. ಶಿಕ್ಷೆಯಾದರೂ ಸರಿ. ನಿಮ್ಮ ಜೊತೆ ಇದ್ದ ನಾಲ್ಕು ಜನ ಐವರ ಎದುರು ನಾಲ್ವರಾಗಿ ಆಡಿ ಸೋಲುತ್ತಾರಲ್ಲ, ಅವರ ಸಂಜೆ ಹಾಳಾಗುತ್ತದಲ್ಲ, ಅದು ನನಗೆ ಸರಿ ಕಾಣುವುದಿಲ್ಲ. ಆಕಾಶ ಕಪ್ಪಾಗಿದ್ದರೆ ರ್‍ಯಾಂಕ್ ಪಂದ್ಯಕ್ಕೆ ಕೂರಬೇಡಿ. ಡೆತ್‌ಮ್ಯಾಚ್ ಆಡಿ, ಅದರಲ್ಲಿ ಎದ್ದು ಹೋದರೆ ಯಾರಿಗೂ ತೊಂದರೆ ಇಲ್ಲ.

ಅದಕ್ಕಿಂತ ಒಳ್ಳೆಯದು ಒಂದೇ ಪರದೆಯ ಮುಂದೆ ಇಬ್ಬರು ಕೂರುವ ಆಟ. ಎರಡು ಕಂಟ್ರೋಲರ್ ಇದ್ದರೆ ಸಾಕು. ಇಟ್ ಟೇಕ್ಸ್ ಟೂ ಅನ್ನುವ 2021ರ ಆಟವನ್ನು ಒಬ್ಬರೇ ಆಡಲು ಬರುವುದೇ ಇಲ್ಲ, ಇಬ್ಬರು ಬೇಕೇ ಬೇಕು. ಓವರ್‌ಕುಕ್ಡ್‌ನಲ್ಲಿ ಅಡುಗೆ ಮಾಡಬೇಕು, ಒಬ್ಬರು ಹೆಚ್ಚಿದರೆ ಇನ್ನೊಬ್ಬರು ಬೇಯಿಸಬೇಕು. ಹೋದ ವರ್ಷ ಅಣ್ಣನ ಮಗಳು ಮಳೆಗಾಲದಲ್ಲಿ ಒಂದು ವಾರ ಬಂದಿದ್ದಾಗ ಅತ್ತಿಗೆಯೂ ಅದಕ್ಕೆ ಕೂತರು. ಮೊದಲು "ನಂಗೆ ಇದೆಲ್ಲ ಬತ್ತಿಲ್ಲೆ" ಅಂದವರು ಮೂರನೇ ದಿನ ಯಾರು ತಟ್ಟೆ ತೊಳೆಯಬೇಕು ಅಂತ ನಮಗೆಲ್ಲ ಕೆಲಸ ಹಂಚುತ್ತಿದ್ದರು.

ಈಗ ನನಗೆ ಸಿಟ್ಟು ಬರುವ ವಿಷಯ. ದಿನಾ ಬಂದರೆ ಬಹುಮಾನ, ಏಳು ದಿನ ತಪ್ಪದೆ ಬಂದರೆ ದೊಡ್ಡ ಬಹುಮಾನ, ಒಂದು ದಿನ ತಪ್ಪಿದರೆ ಮತ್ತೆ ಸೊನ್ನೆ. ಮೊಬೈಲ್ ಆಟಗಳಲ್ಲಿ ಇದು ತುಂಬಿಹೋಗಿದೆ. ಅದೇ ಅಣ್ಣನ ಮಗಳು ಒಂದು ಸಲ ನಮ್ಮ ಮನೆಯಲ್ಲಿದ್ದಾಗ ಎರಡು ದಿನ ನೆಟ್‌ವರ್ಕ್ ಇರಲಿಲ್ಲ. ಅವಳ ನಲವತ್ತೊಂದು ದಿನದ ಲೆಕ್ಕ ತಪ್ಪಿತು. ಒಂಬತ್ತು ವರ್ಷದ ಮಗು ಜಗಲಿಯ ಮೇಲೆ ಕೂತು ಫೋನನ್ನು ಗಾಳಿಯಲ್ಲಿ ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತಿತ್ತು, ಹೊರಗೆ ಅಂಥ ಮಳೆ. ನಾನು ಸ್ಯಾನ್ ಆಂಡ್ರಿಯಾಸ್‌ಗಾಗಿ ಅತ್ತದ್ದು ನಾನೇ ಆಡಿ ಗೆದ್ದದ್ದು ಹೋಯಿತು ಅಂತ. ಅವಳು ಅತ್ತದ್ದು ಹಾಜರಿ ತಪ್ಪಿತು ಅಂತ. ಎರಡೂ ಒಂದೇ ಅಲ್ಲ. ಆಟ ಆಡಿಸಬೇಕು, ಹಾಜರಿ ಕೇಳಬಾರದು. ಮಕ್ಕಳ ಫೋನಿಗೆ ಆಟ ಹಾಕಿಕೊಡುವಾಗ ಮೊದಲ ದಿನವೇ ಇದನ್ನು ನೋಡಿ: ಕ್ಯಾಲೆಂಡರ್ ಥರದ ಬಹುಮಾನದ ಪಟ್ಟಿ ಇದೆಯಾ, ಒಳಗೇನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆಯನ್ನು ದುಡ್ಡು ಕೊಟ್ಟು ತೆರೆಯುವುದಿದೆಯಾ? ಇದ್ದರೆ ತೆಗೆದುಹಾಕಿ. ಇಂಥ ಪೆಟ್ಟಿಗೆಗಳನ್ನು ಬೆಲ್ಜಿಯಂ ದೇಶ 2018ರಲ್ಲೇ ಜೂಜು ಅಂತ ಹೇಳಿದೆ. ಫೋನಿನಲ್ಲಿ ಖರೀದಿಗೆ ಪಾಸ್‌ವರ್ಡ್ ಕೇಳುವಂತೆ ಹಾಕಿ, ಯುಪಿಐ ಖಾತೆಯನ್ನು ಮಕ್ಕಳ ಫೋನಿಗೆ ಜೋಡಿಸಲೇಬೇಡಿ.

ಈಸಿ ಮೋಡಿನ ಬಗ್ಗೆಯೂ ಒಂದು ಮಾತು. ಈಸಿಯಲ್ಲಿ ಆಡುವವರನ್ನು ಕೀಳಾಗಿ ನೋಡುವ ಅಭ್ಯಾಸ ಗೇಮರ್‌ಗಳಲ್ಲಿ ಜಾಸ್ತಿ ಇದೆ. ಇದು ಹೋಗಬೇಕು. ಸೆಲೆಸ್ಟ್ ತುಂಬಾ ಕಷ್ಟದ ಆಟ, ಅದನ್ನು ಮಾಡಿದವರೇ ಅಸಿಸ್ಟ್ ಮೋಡ್ ಅಂತ ಇಟ್ಟು ಆಟದ ವೇಗ ಕಡಿಮೆ ಮಾಡಿಕೊಳ್ಳಲು ಬಿಟ್ಟಿದ್ದಾರೆ. ಮಾಡಿದವರಿಗೇ ಇಲ್ಲದ ಅಭ್ಯಂತರ ನಮಗ್ಯಾಕೆ? ವಾಯ್ಸ್ ಚಾಟಿನಲ್ಲಿ ಬೈಯುವವರನ್ನು ಮ್ಯೂಟ್ ಮಾಡಿ, ಉತ್ತರ ಕೊಡಲು ಹೋಗಬೇಡಿ. ಕನ್ನಡದವರು ಸಿಕ್ಕರೆ ಕನ್ನಡದಲ್ಲೇ ಮಾತಾಡಿ, ಆಟದ ರುಚಿಯೇ ಬೇರೆ ಆಗುತ್ತದೆ.

ಕೊನೆಗೆ ಯಂತ್ರದ ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ಮಳೆಗಾಲಕ್ಕೆ ಡೆಸ್ಕ್‌ಟಾಪಿಗಿಂತ ಲ್ಯಾಪ್‌ಟಾಪ್ ಮೇಲು, ಕರೆಂಟ್ ಹೋದ ಕ್ಷಣ ಅದರ ಬ್ಯಾಟರಿ ಕಾಪಾಡುತ್ತದೆ. ಮನೆಯ ಇನ್ವರ್ಟರಿನಲ್ಲಿ 12 ವೋಲ್ಟಿನ 150 ಎಎಚ್ ಬ್ಯಾಟರಿ ಇದ್ದರೆ ಲೆಕ್ಕಕ್ಕೆ 1800 ವಾಟ್ ಅವರ್, ಕೈಗೆ ಸಿಗುವುದು 1200 ಅಂತ ಇಟ್ಟುಕೊಳ್ಳಿ. ಗೇಮಿಂಗ್ ಲ್ಯಾಪ್‌ಟಾಪ್ 120 ವಾಟ್, ದೀಪ ಫ್ಯಾನು ರೂಟರ್ ಸೇರಿ ಇನ್ನೊಂದು 150 ವಾಟ್ ಎಳೆದರೆ ನಾಲ್ಕು ಗಂಟೆ ಚಿಲ್ಲರೆ. ಆಟದ ಸೆಟ್ಟಿಂಗಿನಲ್ಲಿ ಎಫ್‌ಪಿಎಸ್ ಅನ್ನು 30ಕ್ಕೆ ಕಟ್ಟಿಹಾಕಿದರೆ ಇನ್ನೂ ಸ್ವಲ್ಪ ಹೊತ್ತು ಬರುತ್ತದೆ. ಡೆಸ್ಕ್‌ಟಾಪ್ ಇರುವವರು ಇನ್ವರ್ಟರಿನ ಹಿಂದಿರುವ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಬದಲಾಗುವ ಹೊತ್ತಿಗೆ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು.

ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ರೂಟರಿನಿಂದ ಬರುವ ಲ್ಯಾನ್ ವೈರನ್ನೂ ಕೀಳಿ. ಫೈಬರಿನ ಎಳೆ ಗಾಜಿನದ್ದು ಅಂತ ಧೈರ್ಯ ಬೇಡ, ಕಂಬದಿಂದ ಬಿಗಿಯಲು ಅದರ ಜೊತೆ ಲೋಹದ ತಂತಿ ಇರಬಹುದು, ರೂಟರಿನ ಅಡಾಪ್ಟರ್ ಹೇಗೂ ಕರೆಂಟಿನಲ್ಲೇ ಇರುತ್ತದೆ. ಕಂಟ್ರೋಲರ್, ಹೆಡ್‌ಫೋನುಗಳಿಗೆ ಬೂಷ್ಟು ಹಿಡಿಯುತ್ತದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಲ್ಯಾಪ್‌ಟಾಪನ್ನು ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸಿ, ಆ ಬಿಸಿಗೆ ಒಳಗಿನ ತೇವ ಆರುತ್ತದೆ. ಕಾರವಾರ, ಅಂಕೋಲಾ, ಕುಮಟಾ ಕಡೆ ಸಮುದ್ರದ ಹತ್ತಿರ ಇರುವವರಿಗೆ ಉಪ್ಪು ಗಾಳಿಯ ಕಾಟವೂ ಇದೆ, ಯುಎಸ್‌ಬಿ ಕಿಂಡಿಗಳಿಗೆ ತುಕ್ಕು ಬರುತ್ತದೆ. ಬಳಸದ ಕಿಂಡಿಗೆ ರಬ್ಬರ್ ಮುಚ್ಚಳ ಹಾಕಿಡಿ.

ಸೇವ್ ಫೈಲನ್ನು ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಕಾಪಿ ಮಾಡಿ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಫೈಲ್ ಕೆಡಬಹುದು, ಇಂಟರ್ನೆಟ್ ಇಲ್ಲದ ದಿನ ಕ್ಲೌಡ್ ಸೇವ್ ಉಪಯೋಗಕ್ಕೆ ಬರುವುದಿಲ್ಲ. ಸ್ಟಾರ್‌ಡ್ಯೂ ವ್ಯಾಲಿಯ ಸೇವ್‌ಗಳು ವಿಂಡೋಸಿನ ಆಪ್‌ಡೇಟಾ ರೋಮಿಂಗ್ ಫೋಲ್ಡರಿನಲ್ಲಿ ಆಟದ ಹೆಸರಿನಲ್ಲೇ ಇರುತ್ತವೆ.

ಈ ಸಲ ನಾನು ತುಂಬಿಟ್ಟಿರುವುದು ನಾಲ್ಕೇ. ಹಾಲೋ ನೈಟ್‌ನಲ್ಲಿ ಅರ್ಧಕ್ಕೆ ಬಿಟ್ಟದ್ದು ಮುಗಿಸಬೇಕು. ಸ್ಲೇ ದ ಸ್ಪೈರ್, ಇನ್ವರ್ಟರ್ ಸಣ್ಣಗೆ ಕೂಗಲು ಶುರು ಮಾಡಿದ ಮೇಲಿನ ರಾತ್ರಿಗಳಿಗೆ. ಮೂರನೆಯದು 2018ರ ರಿಟರ್ನ್ ಆಫ್ ದ ಓಬ್ರಾ ಡಿನ್. 1807ರಲ್ಲಿ ಜನರಿಲ್ಲದೆ ಬಂದರಿಗೆ ವಾಪಸಾದ ಹಡಗು, ಅದರಲ್ಲಿದ್ದ 60 ಜನರಿಗೆ ಏನಾಯಿತು ಅಂತ ಒಬ್ಬೊಬ್ಬರದೇ ಪತ್ತೆ ಮಾಡಬೇಕು, ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು. ನಾಲ್ಕನೆಯದು ಓವರ್‌ಕುಕ್ಡ್ 2. ಅಣ್ಣನ ಮನೆಯವರು ಚೌತಿಗೆ ಬರುತ್ತಾರೆ, ಎರಡನೇ ಕಂಟ್ರೋಲರಿನ ಎಡಗಡೆಯ ಕಡ್ಡಿ ತಾನಾಗೇ ಓಡುತ್ತಿದೆ, ಅಷ್ಟರೊಳಗೆ ರಿಪೇರಿಗೆ ಕೊಡಬೇಕು.